ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಿಸುಮುವಿನ ಪ್ರಯೋಗ, ಕರ್ನಾಟಕದ ಸಮೀಕ್ಷೆಗಳು

ಕಳೆದ ಸಂಚಿಕೆಯಲ್ಲಿ ಎಚ್‌ಐವಿ ತಡೆಯ ಕುರಿತು ಬರೆಯುತ್ತ, ಕೆನಡಾದ ವೈದ್ಯ ಸಂಶೋಧಕ ಸ್ಟೀಫನ್ ಮೋಸಸ್ ಮತ್ತು ಅವರ ಸಹೋದ್ಯೋಗಿಗಳು ಕೀನ್ಯಾದಲ್ಲಿಯೂ ಕರ್ನಾಟಕದಲ್ಲಿಯೂ ನಡೆಸಿದ ಅಧ್ಯಯನಗಳನ್ನು ಒಂದೆರಡು ವಾಕ್ಯಗಳಲ್ಲಿ ಪ್ರಸ್ತಾಪಿಸಿದ್ದೆ. ಸುನ್ನತಿ ಮಾಡಿಸಿಕೊಂಡ ಗಂಡಸರಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 60ರಷ್ಟು ಕಡಿಮೆ ಎಂದು ಅಲ್ಲಿ ಬರೆದ ಮಾತನ್ನು ಹಿಡಿದು ಹಲವು ಪತ್ರಗಳು ಬಂದಿವೆ. ಒಂದೇ ಆಶಯದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ವಿಷಯದ ಸ್ವಭಾವವನ್ನು ಗಮನಿಸಿ ಪತ್ರ ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಕೀನ್ಯಾದಲ್ಲಿ ಸುನ್ನತಿಯ ಮೇಲೆ ಪ್ರಯೋಗ ನಡೆಸಿದ ಸಂಶೋಧಕರ ಹೆಸರು ನಮ್ಮ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಅಧ್ಯಯನಗಳಲ್ಲಿಯೂ ಏಕೆ ಕಾಣಿಸುತ್ತದೆ? ಈ ಎರಡು ಕೆಲಸಗಳಿಗೂ ಪರಸ್ಪರ ಸಂಬಂಧವೇನು? (ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಮೋಸಸ್ ಅವರು ಕೆನಡಾದ ವಿನ್ನಿಪೆಗ್ ನಗರದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಸೂಕ್ಷ್ಮಜೀವಿಶಾಸ್ತ್ರ ಹಾಗೂ ಸಮುದಾಯ ಆರೋಗ್ಯ ವಿಭಾಗಗಳಲ್ಲಿ ಪ್ರಾಧ್ಯಾಪಕರಾಗಿ ಕೆಲಸ ಮಾಡಿದವರು. ಈ ವಿಶ್ವವಿದ್ಯಾಲಯಕ್ಕೂ ನೈರೋಬಿಗೂ ನಂಟು ಬೆಳೆದದ್ದು 1980ರಲ್ಲಿ, ಅಂದರೆ ಏಡ್ಸ್ ಎಂಬ ರೋಗವನ್ನು ವೈದ್ಯಲೋಕ ಗುರುತಿಸುವುದಕ್ಕೂ ಮೊದಲು. ಜನನಾಂಗದ ಮೇಲೆ ನೋವಿನ ಹುಣ್ಣು ಉಂಟುಮಾಡುವ ಷಾಂಕ್ರಾಯ್ಡ್ ಎಂಬ ರೋಗವನ್ನು ಅಭ್ಯಾಸ ಮಾಡಲು ಮ್ಯಾನಿಟೋಬಾದ ಅಲನ್ ರೊನಾಲ್ಡ್ ಅವರು ನೈರೋಬಿಯ ವೈದ್ಯರೊಡನೆ ಕೈಜೋಡಿಸಿದರು. ಹುಣ್ಣಿನ ಅಭ್ಯಾಸಕ್ಕೆಂದು ಕಟ್ಟಿದ ಚಿಕಿತ್ಸಾಲಯ, ಪ್ರಯೋಗಾಲಯಗಳು ಸಿದ್ಧವಾಗಿದ್ದಾಗಲೇ ಎಚ್‌ಐವಿ ಬಂದೆರಗಿತು. ಆದ್ದರಿಂದ ಆ ತಂಡದವರು ಎಚ್‌ಐವಿಯನ್ನು ಮೊದಲಿನಿಂದಲೂ ಇತರ ಲೈಂಗಿಕ ಸೋಂಕುಗಳ ಜೊತೆಗಿಟ್ಟೇ ನೋಡಿದರು. ಅವರ ಮುಂದಿನ ಬರಹಗಳಲ್ಲೆಲ್ಲ ಈ ದೃಷ್ಟಿಯ ಗುರುತು ಎದ್ದು ಕಾಣುತ್ತದೆ.

1989ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದೇ ತಂಡದವರು ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಮುಖ್ಯ. ನೈರೋಬಿಯಲ್ಲಿ ಲೈಂಗಿಕ ರೋಗದ ಚಿಕಿತ್ಸೆಗೆಂದು ಬಂದ, ಆದರೆ ಎಚ್‌ಐವಿ ಇಲ್ಲದ 293 ಗಂಡಸರನ್ನು ಅನುಸರಿಸಿ ನೋಡಿದಾಗ 24 ಮಂದಿಗೆ ಮುಂದೆ ಸೋಂಕು ಕಾಣಿಸಿಕೊಂಡಿತು. ಜನನಾಂಗದಲ್ಲಿ ಹುಣ್ಣಿದ್ದವರಲ್ಲಿ ಅಪಾಯ ಸುಮಾರು ಐದು ಪಟ್ಟು, ಸುನ್ನತಿಯಾಗದವರಲ್ಲಿ ಸುಮಾರು ಎಂಟು ಪಟ್ಟು ಹೆಚ್ಚಾಗಿತ್ತು. ಮರುವರ್ಷ, 1990ರಲ್ಲಿ, ಮೋಸಸ್ ಮತ್ತು ಸಂಗಡಿಗರು ಆಫ್ರಿಕದ 700ಕ್ಕೂ ಹೆಚ್ಚು ಜನಾಂಗಗಳಲ್ಲಿ ಸುನ್ನತಿಯ ಪದ್ಧತಿ ಎಲ್ಲಿದೆ, ಎಲ್ಲಿಲ್ಲ ಎಂಬ ಮಾಹಿತಿಯನ್ನು ಎಚ್‌ಐವಿಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ, ಪದ್ಧತಿಯಿಲ್ಲದ ಪ್ರದೇಶಗಳಲ್ಲಿಯೇ ಸೋಂಕು ಹೆಚ್ಚೆಂದು ತೋರಿಸಿದರು. ಹೀಗೆ ನಕ್ಷೆಗಳನ್ನು ಹೋಲಿಸುವುದರಿಂದ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಸುನ್ನತಿಯ ಜೊತೆಗೆ ಧರ್ಮ, ಮದ್ಯಪಾನ, ವಲಸೆ, ವಿವಾಹದ ರೀತಿ ಎಲ್ಲವೂ ಬದಲಾಗುತ್ತವೆ. ಆದರೆ ಸಿದ್ಧಪಡಿಸಿ ನೋಡಬೇಕಾದ ಪ್ರಶ್ನೆ ಯಾವುದೆಂಬುದು ಅಲ್ಲಿ ಖಚಿತವಾಯಿತು.

ಇನ್ನು ಕರ್ನಾಟಕದ ಮಾತು. ಕೆನಡಾ ಸರ್ಕಾರದ ನೆರವಿನ ಭಾರತ–ಕೆನಡಾ ಎಚ್‌ಐವಿ ಯೋಜನೆ 2001ರಲ್ಲಿ ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ಆರಂಭವಾಯಿತು. 2003ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯ ಹಾಗೂ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಸಹಭಾಗಿತ್ವದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ರೂಪುಗೊಂಡಿತು. ಮೋಸಸ್, ಜೇಮ್ಸ್ ಬ್ಲಾಂಚರ್ಡ್, ಬಿ. ಎಂ. ರಮೇಶ್, ರೇನಾಲ್ಡ್ಸ್ ವಾಷಿಂಗ್ಟನ್ ಮೊದಲಾದವರು ಜೊತೆಯಾಗಿ ಬರೆದ ಲೇಖನಗಳ ಸಾಲು ಅಲ್ಲಿಂದ ಮುಂದಿನದು. ಅವುಗಳಲ್ಲಿ ಬಾಗಲಕೋಟೆಯ ಅಧ್ಯಯನ ನನ್ನ ಮಟ್ಟಿಗೆ ಬಹಳ ಮಹತ್ವದ್ದು. ಜಿಲ್ಲೆಯ ಸಾಮಾನ್ಯ ಜನರಲ್ಲಿಯೇ ರಕ್ತಪರೀಕ್ಷೆ ನಡೆಸಿ, 2007ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 2.9ರಷ್ಟಿತ್ತು, ಮೇಲಾಗಿ ಪಟ್ಟಣಕ್ಕಿಂತ ಹಳ್ಳಿಗಳಲ್ಲಿಯೇ ಅದು ಹೆಚ್ಚಾಗಿತ್ತು. ಏಡ್ಸ್ ಎಂದರೆ ಮುಂಬಯಿ, ಬೆಂಗಳೂರುಗಳ ರೋಗ, ಲಾರಿ ಚಾಲಕರು ಹೆದ್ದಾರಿಯಲ್ಲಿ ಹೊತ್ತು ತರುವ ರೋಗ ಎಂದು ಆಗ ನಂಬಿದ್ದವರಲ್ಲಿ ವೈದ್ಯರೂ ಇದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಇದೇ ಬರಹ.

ಪ್ರಶ್ನೆ: ಶೇ 60 ಎಂದರೆ ನೂರರಲ್ಲಿ ಅರವತ್ತು ಜನ ಪಾರಾಗುತ್ತಾರೆಂದು ಅರ್ಥವೇ? ನಮ್ಮದು ಸುನ್ನತಿಯ ಪದ್ಧತಿ ಇಲ್ಲದ ಮನೆತನ. ನನಗೆ ಇಬ್ಬರು ಗಂಡುಮಕ್ಕಳಿದ್ದಾರೆ. ಮುಂಜಾಗ್ರತೆಗೆಂದು ಅವರಿಗೆ ಈ ಶಸ್ತ್ರಕ್ರಿಯೆ ಮಾಡಿಸುವುದು ಒಳಿತೇ? (ಬ್ಯಾಂಕ್ ಉದ್ಯೋಗಿ, ಮಂಗಳೂರು)

ಉತ್ತರ: ತಮ್ಮ ಎರಡನೆಯ ಪ್ರಶ್ನೆಗೆ, ಎಚ್‌ಐವಿಯ ಕಾರಣಕ್ಕಾಗಿಯೇ ಆದರೆ, ಬೇಡ ಎಂಬುದೇ ನನ್ನ ಉತ್ತರ. ಏಕೆ ಬೇಡ ಎಂಬುದನ್ನು ಅರಿಯಲು ಪ್ರಯೋಗ ನಡೆದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕಿಸುಮು ಎಂಬುದು ವಿಕ್ಟೋರಿಯಾ ಸರೋವರದ ದಡದಲ್ಲಿರುವ ಕೀನ್ಯಾದ ನಗರ. ಆ ಸೀಮೆಯಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಲುವೊ ಜನರಲ್ಲಿ ಸುನ್ನತಿಯ ಸಂಪ್ರದಾಯವಿಲ್ಲ. ಎಚ್‌ಐವಿ ಮಾತ್ರ ವಿಪರೀತವಾಗಿತ್ತು. ರಾಬರ್ಟ್ ಬೇಲಿ ಮತ್ತು ಸ್ಟೀಫನ್ ಮೋಸಸ್ ಅವರು ಕೀನ್ಯಾದ ಸಹೋದ್ಯೋಗಿಗಳೊಡನೆ 18ರಿಂದ 24 ವರ್ಷದ, ಎಚ್‌ಐವಿ ಇಲ್ಲದ, ಸುನ್ನತಿಯಾಗದ 2,784 ಯುವಕರನ್ನು ಅವರ ಒಪ್ಪಿಗೆ ಪಡೆದು ಸೇರಿಸಿಕೊಂಡರು. ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ, ಯಾದೃಚ್ಛಿಕವಾಗಿ 1,391 ಮಂದಿಯನ್ನು ಕೂಡಲೇ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವ ಗುಂಪಿಗೂ, 1,393 ಮಂದಿಯನ್ನು ಎರಡು ವರ್ಷ ಕಾಯುವ ಗುಂಪಿಗೂ ಹಂಚಲಾಯಿತು. ಎರಡೂ ಗುಂಪುಗಳಿಗೆ ಆಪ್ತ ಸಮಾಲೋಚನೆ, ಕಾಂಡೋಮ್, ಇತರ ಲೈಂಗಿಕ ರೋಗಗಳಿಗೆ ಚಿಕಿತ್ಸೆ ಸಮಾನವಾಗಿ ದೊರೆತವು. 1990ರ ನಕ್ಷೆಯ ಹೋಲಿಕೆಯಲ್ಲಿ ಉಳಿದಿದ್ದ ಅನುಮಾನಗಳನ್ನು ಕಳೆಯುವುದಕ್ಕೆಂದೇ ಈ ಹಂಚಿಕೆಯ ಕ್ರಮವನ್ನು ಅನುಸರಿಸಿದ್ದು: ಧರ್ಮ, ಕುಡಿತ, ಸಹವಾಸ ಏನೇ ಇದ್ದರೂ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಬೆರೆತಿರುತ್ತವೆ.

ನಡುವೆ ಅಂಕಿಗಳನ್ನು ಪರಿಶೀಲಿಸಿದ ಸ್ವತಂತ್ರ ಸಮಿತಿ 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲು ಸೂಚಿಸಿತು. ಪ್ರಯೋಜನ ಸ್ಪಷ್ಟವಾದ ಮೇಲೂ ಅರ್ಧದಷ್ಟು ಜನರನ್ನು ಕಾಯಿಸುವುದು ನೀತಿಯಲ್ಲ ಎಂಬುದು ಅದಕ್ಕೆ ಕಾರಣ. ಕಾಯುವ ಗುಂಪಿನವರಿಗೂ ಅನಂತರ ಶಸ್ತ್ರಕ್ರಿಯೆಯ ಅವಕಾಶ ಕೊಡಲಾಯಿತು. 2007ರ ಫೆಬ್ರುವರಿಯಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಸುನ್ನತಿಯ ಗುಂಪಿನಲ್ಲಿ 22 ಮಂದಿಗೆ, ಇನ್ನೊಂದು ಗುಂಪಿನಲ್ಲಿ 47 ಮಂದಿಗೆ ಸೋಂಕು ತಗಲಿತ್ತು. ಎರಡು ವರ್ಷಗಳ ಲೆಕ್ಕದಲ್ಲಿ ಅದು ಕ್ರಮವಾಗಿ ಶೇ 2.1 ಮತ್ತು ಶೇ 4.2. ನೇರ ಲೆಕ್ಕದಲ್ಲಿ ಇದು ಶೇ 53ರ ಇಳಿಕೆ. ನಿಗದಿಯಾದ ಗುಂಪಿಗೆ ತಕ್ಕಂತೆ ನಡೆದುಕೊಳ್ಳದವರನ್ನೂ, ಸೇರುವಾಗಲೇ ಸೋಂಕಿದ್ದು ಅನಂತರ ಪತ್ತೆಯಾದವರನ್ನೂ ಗಣನೆಗೆ ತೆಗೆದುಕೊಂಡು ಸರಿಪಡಿಸಿದಾಗ ಶೇ 60ರ ಇಳಿಕೆ. ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಈ ಎರಡನೆಯ ಸಂಖ್ಯೆ.

ಆದ್ದರಿಂದ ನೂರರಲ್ಲಿ ಅರವತ್ತು ಮಂದಿ ಪಾರು ಎಂಬ ಅರ್ಥ ಸರಿಯಲ್ಲ. ಕಾಯುವ ಗುಂಪಿನಲ್ಲಿಯೂ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಆ ಎರಡು ವರ್ಷ ಸೋಂಕಿಲ್ಲದೆಯೇ ಇದ್ದರು. ನೂರು ಜನರಲ್ಲಿ ನಾಲ್ವರಿಗೆ ಬರುತ್ತಿದ್ದುದು ಇಬ್ಬರಿಗೆ ಬಂದಿತು ಎಂಬುದೇ ನಿಜವಾದ ಚಿತ್ರ. ಬೇರೆ ರೀತಿಯಲ್ಲಿ ಹೇಳುವುದಾದರೆ, ಎರಡು ವರ್ಷಗಳಲ್ಲಿ ಒಂದು ಸೋಂಕನ್ನು ತಪ್ಪಿಸಲು ಕಿಸುಮುವಿನಲ್ಲಿ ಸುಮಾರು 48 ಶಸ್ತ್ರಕ್ರಿಯೆಗಳು ಬೇಕಾದವು. ಎರಡು ವರ್ಷಕ್ಕೆ ನೂರರಲ್ಲಿ ನಾಲ್ವರಿಗೆ ಹೊಸದಾಗಿ ಎಚ್‌ಐವಿ ತಗಲುವ ಊರಿನಲ್ಲಿ ಇದು ಬಹುದೊಡ್ಡ ಲಾಭ. ದಕ್ಷಿಣ ಆಫ್ರಿಕದ ಆರೆಂಜ್ ಫಾರ್ಮ್ ಮತ್ತು ಉಗಾಂಡದ ರಾಕಾಯ್‌ಗಳಲ್ಲಿ ನಡೆದ ಇನ್ನೆರಡು ಪ್ರಯೋಗಗಳೂ ಹತ್ತಿರಹತ್ತಿರ ಇದೇ ಫಲವನ್ನು ಕೊಟ್ಟವು. ಕಿಸುಮುವಿನ ಯುವಕರನ್ನು ಆರು ವರ್ಷಗಳವರೆಗೆ ಅನುಸರಿಸಿದಾಗಲೂ ರಕ್ಷಣೆ ಶೇ 58ರಷ್ಟು ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಚ್‌ನಲ್ಲಿ, ಸಾಮಾನ್ಯ ಜನರಲ್ಲಿಯೇ ಎಚ್‌ಐವಿ ವ್ಯಾಪಕವಾಗಿರುವ ಮತ್ತು ಸುನ್ನತಿ ವಿರಳವಾಗಿರುವ ದೇಶಗಳಿಗೆ ಇದನ್ನು ಶಿಫಾರಸು ಮಾಡಿದಾಗ ಅದರ ಕಣ್ಣ ಮುಂದಿದ್ದುದು ಪೂರ್ವ ಮತ್ತು ದಕ್ಷಿಣ ಆಫ್ರಿಕ.

ಭಾರತದಲ್ಲಿ ವಯಸ್ಕರ ಎಚ್‌ಐವಿ ಪ್ರಮಾಣ 2021ರ ರಾಷ್ಟ್ರೀಯ ಅಂದಾಜಿನಂತೆ ಶೇ 0.21. ಇಲ್ಲಿ ಸೋಂಕು ಕೆಲವು ಗುಂಪುಗಳಲ್ಲಿ ದಟ್ಟವಾಗಿಯೂ ಉಳಿದೆಡೆ ತೀರ ತೆಳುವಾಗಿಯೂ ಹರಡಿದೆ. ಅಪಾಯವೇ ಅಷ್ಟು ಕಡಿಮೆಯಿರುವಲ್ಲಿ ಅದನ್ನು ಅರ್ಧಕ್ಕೆ ಇಳಿಸಲು 48 ಅಲ್ಲ, ಅದರ ಎಷ್ಟೋ ಪಟ್ಟು ಶಸ್ತ್ರಕ್ರಿಯೆಗಳು ಬೇಕಾಗುತ್ತವೆ. ಶಸ್ತ್ರಕ್ರಿಯೆಗೂ ತನ್ನದೇ ತೊಂದರೆಗಳುಂಟು. ನುರಿತ ವೈದ್ಯರಿದ್ದ ಕಿಸುಮುವಿನಲ್ಲಿಯೂ ಶೇ 1.5ರಷ್ಟು ಮಂದಿಗೆ ರಕ್ತಸ್ರಾವ, ಕೀವು ಮುಂತಾದ ಸಣ್ಣಪುಟ್ಟ ತೊಡಕುಗಳಾದವು. ಮುಂದೊಗಲು ಬಿಗಿಯಾಗಿ ಮೂತ್ರ ಮಾಡಲು ಕಷ್ಟವಾಗುವುದು, ಪದೇಪದೇ ಸೋಂಕಾಗುವುದು ಇತ್ಯಾದಿ ಕಾರಣಗಳಿಗೆ ಶಸ್ತ್ರವೈದ್ಯರು ಸುನ್ನತಿಯನ್ನು ಸೂಚಿಸಿದರೆ ಅದು ಬೇರೆಯ ವಿಚಾರ, ಅದಕ್ಕೆ ಹಿಂಜರಿಯಬೇಕಾಗಿಲ್ಲ. ತಮ್ಮ ಮಕ್ಕಳಿಗೆ ಎಚ್‌ಐವಿಯಿಂದ ರಕ್ಷಣೆ ಬೇಕೆಂದರೆ, ಅವರು ಹದಿಹರೆಯಕ್ಕೆ ಬಂದಾಗ ಕಾಂಡೋಮ್ ಬಗ್ಗೆ ತಾವೇ ಸಂಕೋಚವಿಲ್ಲದೆ ಮಾತನಾಡುವುದು ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅದು ಶಸ್ತ್ರಕ್ರಿಯೆಗಿಂತ ಕಷ್ಟವೆಂದು ಅನೇಕ ತಂದೆಯರು ಭಾವಿಸುತ್ತಾರೆಂಬುದನ್ನೂ ನಾನು ಬಲ್ಲೆ.

ಪ್ರಶ್ನೆ: ಸುನ್ನತಿಯಾದವರಿಗೆ ಗನೋರಿಯಾ ಮುಂತಾದ ರೋಗಗಳೂ ಬರುವುದಿಲ್ಲವೇ? ಹೆಂಡತಿಗೆ ಇದರಿಂದ ರಕ್ಷಣೆ ಇದೆಯೇ? (ಗೃಹಿಣಿ, ಕಲಬುರಗಿ)

ಉತ್ತರ: ಬರುತ್ತವೆ. ಕಿಸುಮುವಿನ ಅದೇ ಯುವಕರಲ್ಲಿ ಗನೋರಿಯಾ, ಕ್ಲಮೀಡಿಯಾ ಮತ್ತು ಟ್ರೈಕೋಮೊನಾಸ್ ಸೋಂಕುಗಳು ಎರಡೂ ಗುಂಪುಗಳಲ್ಲಿ ಸಮಸಮವಾಗಿ ಕಂಡುಬಂದವೆಂದು ಸುಪ್ರಿಯಾ ಮೆಹ್ತಾ, ಮೋಸಸ್ ಮತ್ತಿತರರು 2009ರಲ್ಲಿ ವರದಿ ಮಾಡಿದರು. ಮೂತ್ರನಾಳದ ಒಳಗೆ ಮನೆಮಾಡುವ ಇಂಥ ಸೋಂಕುಗಳಿಗೆ ಹೊರಗಿನ ಚರ್ಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜನನಾಂಗದ ಹುಣ್ಣುಗಳು ಮಾತ್ರ ಸುನ್ನತಿಯಾದವರಲ್ಲಿ ಸುಮಾರು ಅರ್ಧದಷ್ಟು ಕಡಿಮೆಯಿದ್ದವು. ತಮಗೆ ಪ್ರಯೋಜನಕರವಾದ ಫಲವನ್ನು ಪ್ರಕಟಿಸಿದ ತಂಡವೇ ಎರಡು ವರ್ಷಗಳ ಬಳಿಕ ಅದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಪ್ರಕಟಿಸಿತೆಂಬುದು ನನಗೆ ಮೆಚ್ಚಿಗೆಯಾದ ಸಂಗತಿ.

ಹೆಂಡತಿಯ ವಿಚಾರದಲ್ಲಿ ಎಚ್ಚರ ಅಗತ್ಯ. ಗಂಡನಿಗೆ ಆಗಲೇ ಎಚ್‌ಐವಿ ಇದ್ದರೆ ಅವನ ಸುನ್ನತಿಯಿಂದ ಹೆಂಡತಿಗೆ ರಕ್ಷಣೆ ದೊರೆಯುವುದಿಲ್ಲವೆಂದು ಉಗಾಂಡದ ಪ್ರಯೋಗ ತೋರಿಸಿತು. ಆಕೆಯನ್ನು ಕಾಪಾಡುವುದು ಕಾಂಡೋಮ್ ಮತ್ತು ಗಂಡನ ಎಆರ್‌ಟಿ ಚಿಕಿತ್ಸೆ, ಅಂದರೆ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧಿಗಳ ಚಿಕಿತ್ಸೆ. ಎಆರ್‌ಟಿಯನ್ನು ಬೇಗನೆ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗುತ್ತದೆಂದು 2011ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪ್ರಯೋಗವೊಂದರಲ್ಲಿ ಕಂಡುಬಂತು. ರಕ್ತದಲ್ಲಿ ವೈರಸ್ಸು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಈಗ ಸ್ಥಾಪಿತವಾದ ವಿಷಯ.

ಪ್ರಶ್ನೆ: ಈ ಸಂಶೋಧಕರೆಲ್ಲ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳನ್ನೇ ಏಕೆ ಅಧ್ಯಯನಕ್ಕೆ ಆರಿಸಿಕೊಳ್ಳುತ್ತಾರೆ? ಅವರ ಬಳಿ ಹೋಗುವ ಗಂಡಸರನ್ನು ಬಿಟ್ಟು ಅವರನ್ನೇ ರೋಗದ ಮೂಲವೆಂದು ಬೊಟ್ಟುಮಾಡಿದಂತೆ ಆಗುವುದಿಲ್ಲವೇ? ಅಂಥವರು ಕೇಳಿದ್ದಕ್ಕೆಲ್ಲ ನಿಜ ಹೇಳುತ್ತಾರೆಂದು ನಂಬುವುದಾದರೂ ಹೇಗೆ? (ಪ್ರೌಢಶಾಲಾ ಶಿಕ್ಷಕಿ, ವಿಜಯಪುರ)

ಉತ್ತರ: ತಮ್ಮ ಆಕ್ಷೇಪದಲ್ಲಿ ಹುರುಳಿದೆ. ಆರಂಭದ ಬರಹಗಳನ್ನು ಈಗ ಓದಿದರೆ ಅವುಗಳ ಮಾತಿನ ಧಾಟಿಯೇ ಕಿರಿಕಿರಿ ಉಂಟುಮಾಡುತ್ತದೆ. ಮೋಸಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಲೇಖನ ನೈರೋಬಿಯ ಬಡಾವಣೆಯೊಂದರ ಸುಮಾರು 500 ಮಂದಿ ಲೈಂಗಿಕ ವೃತ್ತಿಯ ಮಹಿಳೆಯರನ್ನು ಸೋಂಕು ಹರಡುವ ತಿರುಳಿನ ಗುಂಪು ಎಂಬರ್ಥದ ಮಾತಿನಲ್ಲಿ ಕರೆಯಿತು. ಆ ಮಹಿಳೆಯರಿಗೆ ಕಾಂಡೋಮ್ ಮತ್ತು ಚಿಕಿತ್ಸೆ ಒದಗಿಸುವ ಕಾರ್ಯಕ್ರಮ ವರ್ಷಕ್ಕೆ 6,000ದಿಂದ 10,000 ಹೊಸ ಸೋಂಕುಗಳನ್ನು ತಪ್ಪಿಸುತ್ತಿದೆ, ತಪ್ಪಿಸಿದ ಒಂದೊಂದು ಸೋಂಕಿಗೆ ತಗಲುವ ವೆಚ್ಚ 8ರಿಂದ 12 ಡಾಲರ್ ಎಂಬುದು ಅದರ ಅಂದಾಜು. ಇದು ಎಣಿಸಿದ ಸಂಖ್ಯೆಯಲ್ಲ, ಲೆಕ್ಕ ಹಾಕಿದ ಸಂಖ್ಯೆ ಎಂಬುದನ್ನು ಮರೆಯಬಾರದು. ಆದರೂ ಅದರ ಹಿಂದಿನ ತರ್ಕ ಗಟ್ಟಿಯಾಗಿತ್ತು: ದಿನಕ್ಕೆ ಹಲವರೊಡನೆ ಸಂಪರ್ಕವಿರುವ ಒಬ್ಬರು ಸುರಕ್ಷಿತರಾದರೆ ಅವರ ಗಿರಾಕಿಗಳೂ, ಆ ಗಿರಾಕಿಗಳ ಮನೆಯ ಹೆಂಗಸರೂ, ಹುಟ್ಟಲಿರುವ ಮಕ್ಕಳೂ ಸುರಕ್ಷಿತರಾಗುತ್ತಾರೆ. ಗಿರಾಕಿಗಳನ್ನು ನೇರವಾಗಿ ಮುಟ್ಟುವುದು ಕಷ್ಟ, ಏಕೆಂದರೆ ಅವರು ಎಲ್ಲೆಡೆ ಚದುರಿರುತ್ತಾರೆ ಮತ್ತು ತಾವು ಗಿರಾಕಿಗಳೆಂದು ಒಪ್ಪಿಕೊಳ್ಳುವುದಿಲ್ಲ.

ಕರ್ನಾಟಕಕ್ಕೆ ಬರುವ ವೇಳೆಗೆ ಬರಹಗಳ ದೃಷ್ಟಿ ಬದಲಾಗಿರುವುದನ್ನು ತಾವು ಗಮನಿಸಬಹುದು. ಬ್ಲಾಂಚರ್ಡ್, ಮೋಸಸ್ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಾಜ್ಯದ 1,588 ಮಹಿಳೆಯರನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ 26ರಷ್ಟು ಮಂದಿ ಈ ವೃತ್ತಿಗೆ ಬಂದದ್ದು ದೇವದಾಸಿ ಪದ್ಧತಿಯ ಮೂಲಕ. ಮುತ್ತು ಕಟ್ಟುವುದನ್ನು ನಿಷೇಧಿಸಿ ಕಾಯ್ದೆಯಾದದ್ದು 1982ರಲ್ಲಿ ಎಂಬುದನ್ನು ಇದರ ಜೊತೆಗಿಟ್ಟು ಓದಿಕೊಳ್ಳಬೇಕು. ಹೀಗೆ ಬಂದವರು ವೃತ್ತಿ ಆರಂಭಿಸಿದ ಸರಾಸರಿ ವಯಸ್ಸು 15.7 ವರ್ಷ; ಉಳಿದವರದು 21.8. ಇವರಲ್ಲಿ ಅರ್ಧದ ಹತ್ತಿರ ಮಂದಿ ಹಳ್ಳಿಗಳಲ್ಲಿದ್ದರೆ, ಉಳಿದವರಲ್ಲಿ ಹಳ್ಳಿಯವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಹೆಚ್ಚಿನವರು ತಮ್ಮ ಮನೆಯಲ್ಲಿಯೇ ವೃತ್ತಿ ನಡೆಸುತ್ತಿದ್ದರು. ಅನಕ್ಷರಸ್ಥರು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು. ಬಾಗಲಕೋಟೆಯ ಹಳ್ಳಿಗಳಲ್ಲಿ ಎಚ್‌ಐವಿ ಪಟ್ಟಣಕ್ಕಿಂತ ಏಕೆ ಹೆಚ್ಚಿತ್ತೆಂಬ ಒಗಟಿಗೆ ಒಂದು ಉತ್ತರ ಇಲ್ಲಿ ಸಿಗುತ್ತದೆ. ನಗರದ ಬಸ್ ನಿಲ್ದಾಣ, ಲಾಡ್ಜುಗಳ ಬಳಿ ಕಾಂಡೋಮ್ ಹಂಚಿ ಮುಗಿಸುವ ಕಾರ್ಯಕ್ರಮ ಉತ್ತರ ಕರ್ನಾಟಕದಲ್ಲಿ ಏಕೆ ಸಾಲದೆಂಬುದಕ್ಕೂ ಸಿಗುತ್ತದೆ.

ತಾರಾ ಬೀಟಿ ಅವರ ನೇತೃತ್ವದಲ್ಲಿ 2010ರಲ್ಲಿ ಪ್ರಕಟವಾದ, ಮೋಸಸ್ ಅವರೂ ಸಹಲೇಖಕರಾಗಿದ್ದ ಅಧ್ಯಯನ ಹಿಂಸೆಯನ್ನು ಕುರಿತದ್ದು. ಹಿಂದಿನ ಒಂದು ವರ್ಷದಲ್ಲಿ ಹೊಡೆತ ಅಥವಾ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರಲ್ಲಿ, ಹಿಂದಿನ ತಿಂಗಳಿನ ಪ್ರತಿ ಸಂಪರ್ಕದಲ್ಲಿಯೂ ಕಾಂಡೋಮ್ ಬಳಸಿದವರು ಶೇ 55; ಹಿಂಸೆಗೆ ಒಳಗಾಗದವರಲ್ಲಿ ಶೇ 75. ಗನೋರಿಯಾ ಮೊದಲಿನವರಲ್ಲಿ ಶೇ 5, ಎರಡನೆಯವರಲ್ಲಿ ಶೇ 2.6. ಪೆಟ್ಟು ತಿನ್ನುವವಳು ಕಾಂಡೋಮ್ ಹಾಕಿಕೋ ಎಂದು ಗಿರಾಕಿಗೆ ಹೇಳಲಾರಳೆಂಬುದು ನಮಗೆಲ್ಲ ತಿಳಿದಂತೆ ತೋರುವ ಮಾತು. ಆದರೆ ಅಂಕಿಗಳ ಬೆಂಬಲವಿಲ್ಲದೆ ಅದನ್ನು ಪೊಲೀಸ್ ಅಧಿಕಾರಿಗಳ ಮುಂದಾಗಲಿ ಆರೋಗ್ಯ ಇಲಾಖೆಯ ಮುಂದಾಗಲಿ ಹೇಳಿದರೆ ಕೇಳುವವರು ಕಡಿಮೆ. ಈ ಬರಹದ ಬಳಿಕ ಬೊಟ್ಟು ಯಾರ ಕಡೆಗಿದೆ ಎಂಬುದನ್ನು ತಾವೇ ನಿರ್ಧರಿಸಬಹುದು.

ನಿಜ ಹೇಳುತ್ತಾರೆಯೇ ಎಂಬ ಪ್ರಶ್ನೆಗೆ ಅದೇ ಅಧ್ಯಯನದಲ್ಲಿ ಸ್ವಾರಸ್ಯದ ಉತ್ತರವಿದೆ. ಎದುರು ಕುಳಿತು ಪ್ರಶ್ನೆ ಕೇಳಿದಾಗ ಹಿಂಸೆಗೆ ಒಳಗಾದೆವೆಂದವರು ಶೇ 11 ಮಾತ್ರ. ಮತಗಟ್ಟೆಯ ಮಾದರಿಯಲ್ಲಿ ಕೇಳಿದಾಗ ಅದು ಶೇ 26.4ಕ್ಕೆ ಏರಿತು. ಈ ಮಾದರಿಯಲ್ಲಿ ಒಂದು ಗುಂಪಿನ ಮಹಿಳೆಯರು ಮರೆ ಕಟ್ಟಿದ ಬೇರೆಬೇರೆ ಗಟ್ಟೆಗಳಲ್ಲಿ ಕುಳಿತಿರುತ್ತಾರೆ. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಲಾಗುತ್ತದೆ. ಹೌದಾದರೆ ಹಸಿರು ಪೆಟ್ಟಿಗೆಗೆ, ಅಲ್ಲವಾದರೆ ಕೆಂಪು ಪೆಟ್ಟಿಗೆಗೆ ಚೀಟಿ ಹಾಕುತ್ತಾರೆ. ಯಾರ ಉತ್ತರ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ, ಅಕ್ಷರವೂ ಬೇಕಾಗುವುದಿಲ್ಲ. ಗುಪ್ತ ಮತದಾನ ನಮ್ಮ ಹಳ್ಳಿಯ ಹೆಂಗಸರಿಗೆ ಚೆನ್ನಾಗಿ ಪರಿಚಿತವಾದ ವ್ಯವಹಾರ. ಲೈಂಗಿಕ ಆರೋಗ್ಯದ ಸಮೀಕ್ಷೆಗಳಲ್ಲಿ ಎದುರಾಎದುರು ಕೇಳಿ ಬರೆದುಕೊಂಡ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದಕ್ಕೆ ಈ 11 ಮತ್ತು 26ರ ಅಂತರವನ್ನು ನಾನು ವೈದ್ಯ ವಿದ್ಯಾರ್ಥಿಗಳಿಗೆ ಸದಾ ಉದಾಹರಿಸುತ್ತೇನೆ.

ಪ್ರಶ್ನೆ: ಈ ಕಾರ್ಯಕ್ರಮಗಳಿಂದ ಕರ್ನಾಟಕದಲ್ಲಿ ರೋಗ ನಿಜವಾಗಿಯೂ ಇಳಿಯಿತೇ, ಇಲ್ಲವೇ ತಾನಾಗಿ ಇಳಿಯುತ್ತಿದ್ದುದನ್ನು ಕಾರ್ಯಕ್ರಮದ ಖಾತೆಗೆ ಬರೆದುಕೊಂಡರೇ? (ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕರು, ಮೈಸೂರು)

ಉತ್ತರ: ತಮ್ಮ ಊರಿನಿಂದಲೇ ಆರಂಭಿಸುತ್ತೇನೆ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಿಗಾಗಿ 2004ರಲ್ಲಿ ಆರಂಭವಾದ ಎಚ್‌ಐವಿ ತಡೆ ಕಾರ್ಯಕ್ರಮ ಬೇಗನೆ ಆ ಮಹಿಳೆಯರ ಕೈಗೇ ಬಂದು, ಆಶೋದಯ ಸಮಿತಿ ಎಂಬ ಅವರದೇ ಸಂಘಟನೆ ಅದನ್ನು ನಡೆಸತೊಡಗಿತು. ಸುಷೇನಾ ರೆಜಾ-ಪಾಲ್ ಮತ್ತಿತರರು 2008ರಲ್ಲಿ ಪ್ರಕಟಿಸಿದ ವರದಿಯಂತೆ 2004 ಮತ್ತು 2006ರ ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೂ, ಗನೋರಿಯಾ ಶೇ 5ರಿಂದ 2ಕ್ಕೂ ಇಳಿಯಿತು; ಎಚ್‌ಐವಿ ಮಾತ್ರ ಶೇ 26ರಿಂದ 24ಕ್ಕೆ, ಅಂದರೆ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು. ರಮೇಶ್, ಮೋಸಸ್ ಮೊದಲಾದವರು ಬೆಳಗಾವಿ, ಬಳ್ಳಾರಿ, ಬೆಂಗಳೂರು ನಗರ, ಮೈಸೂರು, ಶಿವಮೊಗ್ಗ ಜಿಲ್ಲೆಗಳನ್ನು ಒಟ್ಟಿಗೆ ನೋಡಿ 2010ರಲ್ಲಿ ಬರೆದಂತೆ ಎಚ್‌ಐವಿ ಶೇ 19.6ರಿಂದ 16.4ಕ್ಕೂ, ಹೊಸ ಸೋಂಕನ್ನು ಸೂಚಿಸುವ ಬಗೆಯ ಸಿಫಿಲಿಸ್ ಶೇ 5.9ರಿಂದ 3.4ಕ್ಕೂ ಇಳಿದವು.

ಎಚ್‌ಐವಿ ಇಷ್ಟು ನಿಧಾನವಾಗಿ ಇಳಿಯುವುದು ಕಾರ್ಯಕ್ರಮದ ಸೋಲಲ್ಲ. ಒಳಹರಿವು ನಿಂತ ಮಾತ್ರಕ್ಕೆ ಕೆರೆಯ ನೀರಿನ ಮಟ್ಟ ಮರುದಿನವೇ ಇಳಿಯುವುದಿಲ್ಲ. ಎಚ್‌ಐವಿ ಜೀವನಪರ್ಯಂತ ಉಳಿಯುವ ಸೋಂಕಾದ್ದರಿಂದ ಹಿಂದೆ ತಗಲಿದವರೆಲ್ಲ ಎಣಿಕೆಯಲ್ಲಿರುತ್ತಾರೆ, ಚಿಕಿತ್ಸೆಯಿಂದ ಆಯುಸ್ಸು ಹೆಚ್ಚಿದಷ್ಟೂ ಹೆಚ್ಚು ಕಾಲ ಇರುತ್ತಾರೆ. ಗುಣವಾಗುವ ಸಿಫಿಲಿಸ್, ಗನೋರಿಯಾಗಳು ಇಳಿದಿವೆಯೇ ಎಂಬುದನ್ನು ಮೊದಲು ನೋಡಬೇಕು, ಹೊಸ ಸೋಂಕಿನ ಹರಿವು ಅಲ್ಲಿ ಬೇಗ ತಿಳಿಯುತ್ತದೆ.

ತಾವು ಎತ್ತಿದ ಅನುಮಾನಕ್ಕೆ ಬರುವುದಾದರೆ, ಈ ಅಧ್ಯಯನಗಳಲ್ಲಿ ಕಿಸುಮುವಿನಂತೆ ಕಾಯುವ ಗುಂಪು ಇರಲಿಲ್ಲ. ಕಾರ್ಯಕ್ರಮ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನೇರವಾಗಿ ತೋರಿಸುವ ಹೋಲಿಕೆ ಅಲ್ಲಿಲ್ಲ. ವೃತ್ತಿ ಬಿಟ್ಟವರು, ಊರು ಬಿಟ್ಟವರು, ಹೊಸದಾಗಿ ಬಂದವರು ಎಂದು ಎರಡು ಸಮೀಕ್ಷೆಗಳ ನಡುವೆ ಜನರೇ ಬದಲಾಗಿರುತ್ತಾರೆ. 2008ರ ಇನ್ನೊಂದು ಲೇಖನದಲ್ಲಿ ಮೋಸಸ್ ಮತ್ತು ಸಂಗಡಿಗರು ಸರ್ಕಾರಿ ತಪಾಸಣೆಗೆ ಬರುವ ಗರ್ಭಿಣಿಯರ ಎಚ್‌ಐವಿ ಅಂಕಿಗಳನ್ನು ಜಿಲ್ಲಾವಾರು ಪರಿಶೀಲಿಸಿ, ಲೈಂಗಿಕ ವೃತ್ತಿಯ ಮಹಿಳೆಯರೊಡನೆ ತೀವ್ರವಾಗಿ ನಡೆದ ಕಾರ್ಯಕ್ರಮದ ಪರಿಣಾಮ ಸಾಮಾನ್ಯ ಜನರವರೆಗೂ, ಅದರಲ್ಲಿಯೂ ಎಳೆಯ ವಯಸ್ಸಿನವರಲ್ಲಿ, ಮುಟ್ಟಿರಬಹುದೆಂದು ವಾದಿಸಿದರು. ಜಿಲ್ಲೆಯನ್ನು ಜಿಲ್ಲೆಯೊಡನೆ ಹೋಲಿಸುವ ಈ ಕ್ರಮ 1990ರ ಆಫ್ರಿಕದ ನಕ್ಷೆಯ ಕ್ರಮಕ್ಕೆ ಹತ್ತಿರದ್ದು; ಅದಕ್ಕಿದ್ದ ದೌರ್ಬಲ್ಯ ಇದಕ್ಕೂ ಇದೆ, ಮತ್ತು ಲೇಖಕರು ಅದನ್ನು ತಲೆಬರಹದಲ್ಲಿಯೇ ತಿಳಿಸಿದ್ದಾರೆ.

ಹಾಗಾದರೆ ನನ್ನ ಅಭಿಪ್ರಾಯವೇನು? ಸಿಫಿಲಿಸ್ ಇಳಿದದ್ದು, ಕಾಂಡೋಮ್ ಬಳಕೆ ಏರಿದ್ದು, ಹಿಂಸೆ ಕಡಿಮೆಯಾದದ್ದು, ಇವೆಲ್ಲ ಒಂದೇ ದಿಕ್ಕಿಗೆ, ಒಂದೇ ಕಾಲದಲ್ಲಿ ನಡೆದಿರುವಾಗ ಕಾರ್ಯಕ್ರಮಕ್ಕೆ ಇದರಲ್ಲಿ ದೊಡ್ಡ ಪಾಲಿದೆಯೆಂದು ನಂಬುತ್ತೇನೆ. ಆದರೆ ಎಷ್ಟು ಪಾಲು ಎಂದು ಯಾರಾದರೂ ನಿಖರವಾದ ಶೇಕಡಾವಾರು ಹೇಳಿದರೆ ಅದನ್ನು ಒಪ್ಪುವುದಿಲ್ಲ. ಕಿಸುಮುವಿನ ಪ್ರಯೋಗ ಹೆಚ್ಚು ಖಚಿತ, ಹೆಚ್ಚು ಪ್ರಸಿದ್ಧ. ಆದರೆ ಅದರ ಉತ್ತರ ನಮ್ಮ ಊರಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಕರ್ನಾಟಕದ ಬರಹಗಳು ಅಷ್ಟು ಖಚಿತವಲ್ಲ, ಆದರೆ ಅವು ಕೇಳಿದ್ದು ನಮ್ಮವೇ ಪ್ರಶ್ನೆಗಳನ್ನು. ಅವುಗಳನ್ನು ನಮ್ಮ ಸಾರ್ವಜನಿಕ ಆರೋಗ್ಯದ ತರಗತಿಗಳಲ್ಲಿ ಇನ್ನಷ್ಟು ಓದಿಸಬೇಕು.

ಪ್ರಶ್ನೆ: ನಾನು ವಿವಾಹಿತ. ಆರು ತಿಂಗಳ ಹಿಂದೆ ಹೊರಗಿನ ಸಂಪರ್ಕವಾದ ಬಳಿಕ ಗುಪ್ತಾಂಗದಲ್ಲಿ ನೋವಿಲ್ಲದ ಒಂದು ಹುಣ್ಣಾಗಿತ್ತು. ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದೆ, ಮೂರು ವಾರಗಳಲ್ಲಿ ವಾಸಿಯಾಯಿತು. ಹುಣ್ಣಿಗೂ ಎಚ್‌ಐವಿಗೂ ಸಂಬಂಧವಿದೆ ಎಂದು ತಮ್ಮ ಲೇಖನದಲ್ಲಿ ಓದಿದ ಮೇಲೆ ಹೆದರಿಕೆಯಾಗಿದೆ. ಹೆಂಡತಿಗೆ ಏನೂ ತಿಳಿದಿಲ್ಲ. ಆಕೆ ಈಗ ಗರ್ಭಿಣಿ. (ಊರು ಬೇಡ)

ಉತ್ತರ: ಈ ಸಂಚಿಕೆ ತಮ್ಮ ಕೈಸೇರಿದ ದಿನವೇ ಪರೀಕ್ಷೆಗೆ ಹೋಗಿ. ನೋವಿಲ್ಲದ ಹುಣ್ಣು ಸಿಫಿಲಿಸ್ ಇರಬಹುದು. ಆ ಹುಣ್ಣು ಮುಲಾಮು ಹಚ್ಚಿದರೂ ಹಚ್ಚದಿದ್ದರೂ ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಹುಣ್ಣಿದ್ದಾಗ ಎಚ್‌ಐವಿ ಸುಲಭವಾಗಿ ದಾಟುತ್ತದೆಂಬುದು ನೈರೋಬಿಯ ಅಧ್ಯಯನದಲ್ಲಿ ಕಂಡ ಸಂಗತಿ. ಆದರೆ ಅದರ ಅರ್ಥ ತಮಗೆ ಎಚ್‌ಐವಿ ಬಂದಿದೆ ಎಂದಲ್ಲ. ಆರು ತಿಂಗಳು ಕಳೆದಿರುವುದರಿಂದ, ಆಮೇಲೆ ಬೇರೆ ಸಂಪರ್ಕವಾಗಿರದಿದ್ದರೆ, ಈಗ ಮಾಡಿಸುವ ಪರೀಕ್ಷೆಯ ಫಲಿತಾಂಶವನ್ನು ನಂಬಬಹುದು.

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ (ಆಪ್ತ ಸಮಾಲೋಚನೆ ಮತ್ತು ಪರೀಕ್ಷೆಯ) ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಲೈಂಗಿಕ ಸೋಂಕುಗಳಿಗೆಂದೇ ಸುರಕ್ಷಾ ಕ್ಲಿನಿಕ್‌ಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097 ಸಂಖ್ಯೆಗೆ ಕರೆ ಮಾಡಿ ಕೇಳಬಹುದು, ಅದಕ್ಕೆ ಹಣ ತಗಲುವುದಿಲ್ಲ. 2017ರ ಎಚ್‌ಐವಿ ಕಾಯ್ದೆಯಂತೆ ತಮ್ಮ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗೋಪ್ಯವಾಗಿಡಬೇಕಾದದ್ದು ಅಲ್ಲಿನವರ ಹೊಣೆ. ಸಿಫಿಲಿಸ್ ಇದ್ದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಎಷ್ಟು ಬಾರಿ ಕೊಡಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಔಷಧಿ ಅಂಗಡಿಯ ಮುಲಾಮಿಗೆ ಇನ್ನೊಮ್ಮೆ ಹೋಗಬೇಡಿ.

ಹೆಂಡತಿಯ ವಿಚಾರ ತಮ್ಮ ಪರೀಕ್ಷೆಗಿಂತಲೂ ತುರ್ತಿನದು. ಗರ್ಭಿಣಿಯರಿಗೆ ತಪಾಸಣೆಯ ಆರಂಭದಲ್ಲಿಯೇ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನು ಮಾಡಬೇಕೆಂಬ ನಿಯಮವಿದೆ. ತಾಯಿಕಾರ್ಡಿನಲ್ಲಿ ಆ ಎರಡೂ ಫಲಿತಾಂಶಗಳು ದಾಖಲಾಗಿವೆಯೇ ಎಂದು ಇಂದೇ ನೋಡಿ. ಆಗಿದ್ದು, ಫಲಿತಾಂಶ ಸರಿಯಿದ್ದರೂ ಅಷ್ಟಕ್ಕೇ ಸುಮ್ಮನಾಗಬೇಡಿ. ತಮ್ಮಲ್ಲಿ ಸೋಂಕು ಕಂಡುಬಂದರೆ ಆಕೆಗೂ ಮತ್ತೆ ಪರೀಕ್ಷೆ ಮತ್ತು ಚಿಕಿತ್ಸೆ ಆಗಬೇಕು. ಚಿಕಿತ್ಸೆಯಾಗದ ಸಿಫಿಲಿಸ್‌ನಿಂದ ಗರ್ಭಪಾತವಾಗಬಹುದು, ಮಗು ಸತ್ತು ಹುಟ್ಟಬಹುದು ಅಥವಾ ಸೋಂಕಿನೊಡನೆ ಹುಟ್ಟಬಹುದು. ಸಕಾಲದಲ್ಲಿ ತಾಯಿಗೆ ಪೆನಿಸಿಲಿನ್ ಕೊಟ್ಟರೆ ಇವೆಲ್ಲವನ್ನೂ ಬಹುಮಟ್ಟಿಗೆ ತಡೆಯಬಹುದು. ಫಲಿತಾಂಶ ಬರುವವರೆಗೆ ಸಂಪರ್ಕವನ್ನು ತಡೆಯಿರಿ, ಇಲ್ಲವೇ ಕಾಂಡೋಮ್ ಬಳಸಿ. ಆಕೆಗೆ ಹೇಗೆ ಹೇಳುವುದೆಂಬ ಅಳುಕಿದ್ದರೆ ಐಸಿಟಿಸಿಯ ಆಪ್ತ ಸಮಾಲೋಚಕರು ಆ ಮಾತಿಗೆ ಜೊತೆಯಲ್ಲಿ ಕುಳಿತು ನೆರವಾಗುತ್ತಾರೆ, ಅದು ಅವರ ಕೆಲಸದ ಭಾಗವೇ ಆಗಿದೆ.